ಚಿತ್ರನಿರ್ಮಾಣಕ್ಕೆ ಪೂರ್ವಭಾವಿಯಾದ ಶೋಧನೆ: ಸತ್ಯಜಿತ್ ರಾಯರ ಕ್ರಮ

ಕಥೆಗಾರನು ತನ್ನ ನಾಯಕನು ಒಂದು ದೊಡ್ಡ ಮನೆಯಲ್ಲಿ ವಾಸವಾಗಿದ್ದನೆಂದು ಒಂದು ಮಾತು ಬರೆದು ಮುಂದೆ ಸಾಗಬಹುದು. ಆ ಮನೆಗೆ ಎಷ್ಟು ಕಂಬ, ಕಿಟಕಿಯ ಕದ ಯಾವ ಬಗೆಯದು, ದೀಪಕ್ಕೆ ಹರಳೆಣ್ಣೆಯೋ ಸೀಮೆಎಣ್ಣೆಯೋ ಎಂಬುದನ್ನು ಅವನು ಹೇಳಲೇಬೇಕೆಂಬ ನಿರ್ಬಂಧವಿಲ್ಲ. ಓದುವವನು ತಾನು ಕಂಡ ಯಾವುದೋ ಮನೆಯನ್ನು ಆ ಸ್ಥಾನದಲ್ಲಿ ತಂದಿಟ್ಟುಕೊಳ್ಳುತ್ತಾನೆ. ಚಲಚ್ಚಿತ್ರಕಾರನಿಗೆ ಈ ಸೌಕರ್ಯವಿಲ್ಲ. ಕ್ಯಾಮರಾದ ಮುಂದೆ ಮನೆಯೆಂಬ ಸಾಮಾನ್ಯ ಪದಾರ್ಥವೊಂದು ನಿಲ್ಲಲಾರದು. ಇಂಥ ಊರಿನ, ಇಂಥ ಕಾಲದ, ಇಂಥ ಮನೆಯೇ ನಿಲ್ಲಬೇಕು. ಕಥೆಯಲ್ಲಿ ಬರಿದಾಗಿ ಬಿಟ್ಟ ಎಡೆಯನ್ನೆಲ್ಲ ಅವನು ತುಂಬಿಯೇ ತೀರಬೇಕು. ತಿಳಿದು ತುಂಬದಿದ್ದರೆ ತಿಳಿಯದೆ ತುಂಬುವುದಾಗುತ್ತದೆ. ಆದುದರಿಂದ ಕಾದಂಬರಿಕಾರನಿಗೆ ಐಚ್ಛಿಕವಾಗಿರುವ ಶೋಧನೆ ಚಿತ್ರಕಾರನಿಗೆ ಅನಿವಾರ್ಯವಾಗುತ್ತದೆ.

ಪ್ರತಿಗಳನ್ನು ತಾಳೆನೋಡುವುದು, ಶಾಸನಗಳಿಂದ ಕಾಲನಿರ್ಣಯ ಮಾಡುವುದು, ಪಾಠಾಂತರಗಳನ್ನು ತೂಗುವುದು ಮುಂತಾದ ಕ್ರಮಗಳು ವಿದ್ವಾಂಸರಿಗೆ ಚಿರಪರಿಚಿತವಾದುವು. ಕಲಾವಿದನು ಕೃತಿಗೆ ಕೈಯಿಡುವ ಮುನ್ನ ನಡೆಸುವ ಶೋಧನೆಯು ಇದಕ್ಕೆ ಎಷ್ಟು ಮಟ್ಟಿಗೆ ಸಮಾನ, ಎಲ್ಲಿ ಬೇರೆಯಾಗುತ್ತದೆ ಎಂಬ ಪ್ರಶ್ನೆ ಅಷ್ಟಾಗಿ ವಿಚಾರಕ್ಕೆ ಬರುವುದಿಲ್ಲ. ಇದಕ್ಕೆ ವಂಗದೇಶದ ಚಿತ್ರಕಾರರಾದ ಸತ್ಯಜಿತ್ ರಾಯರ (1921–1992) ಉದಾಹರಣೆ ಬಹು ಅನುಕೂಲವಾದುದು. ಅವರು ತಮ್ಮ ಸಿದ್ಧತೆಯ ಕುರುಹುಗಳನ್ನು ಅಳಿಸಿಹಾಕಿದವರಲ್ಲ. ಚಿತ್ರಗಳ ರಚನೆಯನ್ನು ಕುರಿತು ತಾವೇ ಲೇಖನಗಳನ್ನು ಬರೆದರು. ಸಹಾಯಕರಿಗೂ ನಿರ್ಮಾಪಕರಿಗೂ ಬರೆದ ಕಾಗದಗಳು ಉಳಿದಿವೆ. ಎಲ್ಲಕ್ಕಿಂತ ಮಿಗಿಲಾಗಿ, ಅವರು ಒಂದೊಂದು ಚಿತ್ರಕ್ಕೂ ಇಟ್ಟುಕೊಳ್ಳುತ್ತಿದ್ದ ಬರವಣಿಗೆಯ ಪುಸ್ತಕಗಳಿವೆ. ಇವು ಬಂಗಾಳದ ಅಂಗಡಿಕಾರರು ಲೆಕ್ಕ ಬರೆಯುವ, ಕೆಂಪು ಬಟ್ಟೆಯ ಹೊದಿಕೆಯುಳ್ಳ ಪುಸ್ತಕಗಳು. ಅಲ್ಲಿ ಇವಕ್ಕೆ ‘ಖೇರೋರ್ ಖಾತಾ’ ಎಂದು ಹೆಸರು. ಕನ್ನಡ ನಾಡಿನ ವರ್ತಕರ ಕಡತವನ್ನು ಬಲ್ಲವರಿಗೆ ಈ ವಸ್ತು ಅಪರಿಚಿತವೆನಿಸದು. ಸಂಭಾಷಣೆ, ದೃಶ್ಯಗಳ ಅನುಕ್ರಮ, ಉಡುಪಿನ ರೇಖಾಚಿತ್ರ, ಕೋಣೆಯ ನಕ್ಷೆ, ಸಂಗೀತದ ಸ್ವರಲಿಪಿ ಇವೆಲ್ಲ ಅಲ್ಲಿ ಒಂದರ ಪಕ್ಕದಲ್ಲಿ ಒಂದು ಬಂದಿವೆ. ವ್ಯಾಪಾರಿಯ ಖಾತೆಯಲ್ಲಿ ಜಮೆಯೂ ಖರ್ಚೂ ಎದುರೆದುರಾಗಿ ನಿಂತಂತೆ, ಇಲ್ಲಿ ತಿಳಿದುಕೊಂಡದ್ದೂ ಬಳಸಿದ್ದೂ ಒಟ್ಟಿಗೆ ಕಾಣುತ್ತವೆ.

ರಾಯರ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ (1955). ವಿಭೂತಿಭೂಷಣ ವಂದ್ಯೋಪಾಧ್ಯಾಯರ ಮೂಲ ಕಾದಂಬರಿ 1929ರಲ್ಲಿ ಗ್ರಂಥರೂಪವಾಗಿ ಬಂದಿತ್ತು. ಅದು ಹಳ್ಳಿಯ ಬಾಳಿನ ಕೋಶವೆನ್ನುವಷ್ಟು ವಿವರಸಂಪನ್ನವಾದ ಗ್ರಂಥ. ರಾಯರೋ ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದವರು, ಜಾಹೀರಾತಿನ ಕಚೇರಿಯೊಂದರಲ್ಲಿ ಚಿತ್ರ ಬರೆಯುವ ಉದ್ಯೋಗದಲ್ಲಿದ್ದವರು. ಈ ಕಾದಂಬರಿಯ ಪರಿಚಯ ಅವರಿಗೆ ಗಾಢವಾದುದು ಅದರ ಬಾಲಸಂಕ್ಷೇಪವೊಂದಕ್ಕೆ ಚಿತ್ರಗಳನ್ನು ಬರೆದುಕೊಡುವ ಸಂದರ್ಭದಲ್ಲಿ. ಎಂದರೆ, ಕಥೆಯನ್ನು ಚಲಚ್ಚಿತ್ರವಾಗಿ ಯೋಚಿಸುವ ಮೊದಲೇ ಅದನ್ನು ಕಣ್ಣಿನಿಂದ ಓದುವ ಅಭ್ಯಾಸ ಆರಂಭವಾಗಿತ್ತು. 1950ರಲ್ಲಿ ಲಂಡನ್ನಿಗೆ ಹೋದಾಗ ಕೆಲವೇ ತಿಂಗಳಲ್ಲಿ ನೂರರ ಸಮೀಪ ಚಿತ್ರಗಳನ್ನು ನೋಡಿದರು. ಅವುಗಳಲ್ಲಿ ಇಟಲಿಯ ಡಿ ಸಿಕಾ ಅವರ ‘ಬೈಸಿಕಲ್ ಕಳ್ಳರು’ ಅವರ ಸಂಕಲ್ಪವನ್ನು ದೃಢಪಡಿಸಿತು. ಪೂರ್ಣವಾದ ಚಿತ್ರಕಥೆಯನ್ನು ಅವರು ಬರೆದಿಡಲೇ ಇಲ್ಲ. ಕುಂಚದಿಂದ ಮಸಿಯಲ್ಲಿ ಬರೆದ ದೃಶ್ಯಗಳ ಪುಸ್ತಕವೊಂದನ್ನು ಮಾಡಿಕೊಂಡು, ಹಣ ಹೂಡಬಹುದಾದವರಿಗೆಲ್ಲ ಅದನ್ನೇ ತೋರಿಸಿದರು.

ಆದರೆ ಪುಸ್ತಕವು ಎಷ್ಟೇ ವಿವರವಾಗಿದ್ದರೂ ಹಳ್ಳಿಯ ಬೆಳಕು ಪುಸ್ತಕದಲ್ಲಿ ಇರುವುದಿಲ್ಲ. ಮುಂಜಾವಿನ ಮಬ್ಬಿಗೂ ಮುಸ್ಸಂಜೆಯ ಮಬ್ಬಿಗೂ ಏನು ಭೇದ, ಮೊದಲ ಮಳೆಗೆ ಮುಂಚೆ ಕೊಳದ ನೀರು ಹೇಗೆ ಕಾಣುತ್ತದೆ ಎಂಬುದನ್ನು ಸ್ಥಳದಲ್ಲಿ ನಿಂತೇ ತಿಳಿಯಬೇಕಾಗಿತ್ತು. ಇದಕ್ಕಾಗಿ ಆರಿಸಿಕೊಂಡದ್ದು ಕಲ್ಕತ್ತೆಗೆ ಸಮೀಪದ ಬೋರಾಲ್ ಎಂಬ ಹಳ್ಳಿ. 1952ರ ಅಕ್ಟೋಬರ್ 27ರಂದು, ಅಕ್ಕ ತಮ್ಮಂದಿರು ಬೆಳ್ಳನೆಯ ಕಾಶಪುಷ್ಪಗಳ ನಡುವೆ ರೈಲನ್ನು ನೋಡಲು ಹೋಗುವ ದೃಶ್ಯದಿಂದ ಚಿತ್ರೀಕರಣ ಮೊದಲಾಯಿತು. ಅರ್ಧ ಮುಗಿಯಿತು, ಉಳಿದುದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡರು. ಭಾನುವಾರ ಹೋಗಿ ನೋಡಿದರೆ ಬಯಲಿನಲ್ಲಿ ಒಂದು ಹೂವೂ ಇರಲಿಲ್ಲ. ದನಗಳು ಬಂದು ಮೇಯ್ದು ಹೋಗಿದ್ದುವು. ಮತ್ತೆ ಕಾಶ ಹೂಬಿಡುವ ವರೆಗೆ, ಎಂದರೆ ಮರುವರ್ಷದ ಶರತ್ಕಾಲದ ವರೆಗೆ, ಕಾಯದೆ ಗತಿಯಿರಲಿಲ್ಲ. ಕಾಶವು ಶರತ್ತಿನ ಲಕ್ಷಣವೆಂದು ಸಂಸ್ಕೃತ ಕಾವ್ಯವನ್ನು ಓದಿದ ಯಾವ ವಿದ್ಯಾರ್ಥಿಯೂ ಬಲ್ಲನು. ಅದು ದನಗಳಿಗೆ ಮೇವೂ ಹೌದೆಂಬುದನ್ನು ಕಾವ್ಯಗಳು ತಿಳಿಸುವುದಿಲ್ಲ.

ಸ್ಥಳಾನ್ವೇಷಣೆಯ ಮತ್ತೊಂದು ಪ್ರಸಂಗ ಕಥೆಗೂ ವಾಸ್ತವಕ್ಕೂ ಇರುವ ಸಂಬಂಧವನ್ನೇ ತಿರುಗಿಸಿ ತೋರಿಸುತ್ತದೆ. ತಾರಾಶಂಕರ ವಂದ್ಯೋಪಾಧ್ಯಾಯರ ‘ಜಲಸಾಘರ್’ ಕಥೆಯನ್ನು ಚಿತ್ರಕ್ಕೆ ಅಳವಡಿಸಲು (1958) ಹಾಳುಬಿದ್ದ ಜಮೀನ್ದಾರನ ಅರಮನೆಯೊಂದು ಬೇಕಾಗಿತ್ತು. ಮೂವತ್ತರಷ್ಟು ಅರಮನೆಗಳನ್ನು ನೋಡಿ ಯಾವುದೂ ಒಪ್ಪಿಗೆಯಾಗದಿರಲು, ಚಹದ ಅಂಗಡಿಯಲ್ಲಿ ದೊರೆತ ಒಬ್ಬ ವೃದ್ಧನ ಮಾತಿನ ಮೇಲೆ ಮುರ್ಷಿದಾಬಾದ್ ಜಿಲ್ಲೆಯ ನಿಮ್ತಿತಾ ಎಂಬ ಊರಿಗೆ ಹೋದರು. ಪದ್ಮಾ ನದಿಯ ದಂಡೆಯಲ್ಲಿ, ಮುಂದಣ ನೆಲವನ್ನೆಲ್ಲ ಹೊಳೆ ಕೊಚ್ಚಿಕೊಂಡು ಹೋಗಿದ್ದರೂ ತಾನು ಮಾತ್ರ ನಿಂತಿದ್ದ ಆ ಅರಮನೆ ಕಥೆಗೆ ಹೇಳಿ ಮಾಡಿಸಿದಂತಿತ್ತು. ಹಿಂದಿರುಗಿ ಬಂದು ಕಥೆಗಾರರಿಗೆ ಇದನ್ನು ತಿಳಿಸಿದಾಗ ಹೊರಬಿದ್ದ ಸಂಗತಿಯೇನೆಂದರೆ, ತಾರಾಶಂಕರರು ನಿಮ್ತಿತಾವನ್ನು ಕಣ್ಣಿನಿಂದ ಕಂಡವರಲ್ಲ. ಆದರೆ ಬಂಗಾಳದ ಜಮೀನ್ದಾರರ ಚರಿತ್ರೆಯೊಂದರಲ್ಲಿ ಆ ಮನೆತನದ ಸಂಗೀತಪ್ರಿಯ ಉಪೇಂದ್ರನಾರಾಯಣ ಚೌಧುರಿಯ ವಿಷಯವನ್ನು ಓದಿ, ಅವನನ್ನೇ ಮಾದರಿಯಾಗಿಟ್ಟುಕೊಂಡು ತಮ್ಮ ನಾಯಕನನ್ನು ಸೃಷ್ಟಿಸಿದ್ದರು. ಚಿತ್ರಕಾರನು ಅರಿಯದೆಯೇ ಕಥೆಯ ಮೂಲಕ್ಕೆ ಹೋಗಿ ಮುಟ್ಟಿದ್ದನು. ಇದನ್ನು ಆಕಸ್ಮಿಕವೆಂದು ತಳ್ಳಿಬಿಡಬಹುದು. ಆದರೆ ಮೂವತ್ತು ಅರಮನೆಗಳನ್ನು ತಿರಸ್ಕರಿಸುವಷ್ಟು ಖಚಿತವಾಗಿ ಕಥೆಯನ್ನು ಓದಿದವನಿಗೆ ಮಾತ್ರ ಇಂಥ ಆಕಸ್ಮಿಕ ಒದಗುತ್ತದೆಂಬುದನ್ನೂ ಜೊತೆಗೆ ಹೇಳಬೇಕು.

ಇನ್ನು ‘ಚಾರುಲತಾ’ (1964). ರವೀಂದ್ರನಾಥ ಠಾಕೂರರ ‘ನಷ್ಟನೀಡ’ವು (1901) ಕಾಲವನ್ನು ನಿರ್ದೇಶಿಸುವುದಿಲ್ಲ. ರಾಯರು ಕಥೆಯ ಕಾಲವನ್ನು 1879–80 ಎಂದು ಗೊತ್ತುಮಾಡಿಕೊಂಡರು. ವರ್ಷವೊಂದು ಸ್ಥಿರವಾದೊಡನೆಯೇ ಉಳಿದುದೆಲ್ಲಕ್ಕೂ ಆಧಾರ ದೊರಕಿತು. ಭೂಪತಿಯು ನಡೆಸುವ ಇಂಗ್ಲಿಷ್ ಪತ್ರಿಕೆ ಯಾವ ರಾಜಕೀಯವನ್ನು ಕುರಿತದ್ದು ಎಂಬ ಪ್ರಶ್ನೆಗೆ 1880ರ ಏಪ್ರಿಲಿನಲ್ಲಿ ಗ್ಲಾಡ್‌ಸ್ಟನ್ನನ ಪಕ್ಷವು ಇಂಗ್ಲೆಂಡಿನಲ್ಲಿ ಗೆದ್ದುದು ಉತ್ತರವಾಯಿತು. ಆ ಗೆಲವಿಗಾಗಿ ಕಲ್ಕತ್ತೆಯ ಮನೆಯೊಂದರಲ್ಲಿ ನಡೆಯುವ ಔತಣ ಚಿತ್ರದ ಮುಖ್ಯ ಸನ್ನಿವೇಶಗಳಲ್ಲಿ ಒಂದಾಯಿತು. ಸಾವಿರಾರು ಮೈಲಿಗಳಾಚೆಯ ಚುನಾವಣೆಗೆ ಉಬ್ಬುತ್ತಿರುವ ಗಂಡನಿಗೆ ಪಕ್ಕದ ಕೋಣೆಯ ಹೆಂಡತಿಯ ಮನಸ್ಸು ತಿಳಿಯದೆಂಬುದು ಆ ಒಂದು ತಾರೀಖಿನಿಂದಲೇ ಸ್ಫುಟವಾಯಿತು. ಕಾಲನಿರ್ಣಯವೆಂಬ ವಿದ್ವಾಂಸರ ವ್ಯವಸಾಯವು ಇಲ್ಲಿ ಪಾತ್ರಸೃಷ್ಟಿಯ ಸಾಧನವಾಗಿರುವುದು ಗಮನಾರ್ಹ.

ಇವೆಲ್ಲಕ್ಕಿಂತ ಕಠಿಣವಾಗಿದ್ದುದು ‘ಶತರಂಜ್ ಕೆ ಖಿಲಾಡಿ’ (1977). ಪ್ರೇಮಚಂದರ ಈ ಕಥೆ 1924ರಲ್ಲಿ ಪ್ರಕಟವಾದುದು. ಲಖನೌ ನಗರದ ಇಬ್ಬರು ಜಹಗೀರುದಾರರು, ಮಿರ್ಜಾ ಸಜ್ಜಾದ್ ಅಲಿ ಮತ್ತು ಮೀರ್ ರೋಶನ್ ಅಲಿ, ಚದುರಂಗದಲ್ಲಿ ಮೈಮರೆತಿರುವಾಗ ಕಂಪೆನಿಯ ಸೈನ್ಯವು ಬಂದು ಔಧ್ ರಾಜ್ಯವನ್ನು ವಶಪಡಿಸಿಕೊಳ್ಳುತ್ತದೆ. ಕಥೆಯಲ್ಲಿ ದೊರೆಯಾದ ವಾಜಿದ್ ಅಲಿ ಷಾ ಹೆಸರಿಗೆ ಮಾತ್ರ ಇದ್ದಾನೆ. ಇಂಗ್ಲಿಷರ ರೆಸಿಡೆಂಟ್ ದೂರದ ನೆರಳು. ರಾಯರು ಈ ಇಬ್ಬರನ್ನೂ ರಂಗದ ಮುಂಭಾಗಕ್ಕೆ ತಂದು, ಚಿಕ್ಕ ಚದುರಂಗದ ಪಕ್ಕದಲ್ಲಿ ದೊಡ್ಡ ಚದುರಂಗವನ್ನು ಹೂಡಲು ನಿಶ್ಚಯಿಸಿದರು. ಇದರಿಂದ ಶೋಧನೆಯ ಭಾರ ಹಲವು ಮಡಿ ಹೆಚ್ಚಿತು. ಭಾಷೆ ಅವರದಲ್ಲ, ಚಿತ್ರಕಥೆಯನ್ನು ಇಂಗ್ಲಿಷಿನಲ್ಲಿ ಬರೆದು, ಶಮಾ ಜೈದಿ ಮತ್ತು ಜಾವೇದ್ ಸಿದ್ದೀಕಿ ಅವರಿಂದ ಉರ್ದೂ ಸಂಭಾಷಣೆ ಮಾಡಿಸಬೇಕಾಯಿತು.

ಆಧಾರಗಳು ಪರಸ್ಪರ ವಿರುದ್ಧವಾದ ಎರಡು ಕಡೆಗಳಿಂದ ಬಂದುವು. ಒಂದು ಕಡೆ ಅಬ್ದುಲ್ ಹಲೀಮ್ ಶರರ್ (1860–1926) ಬರೆದ ‘ಗುಜಿಶ್ತಾ ಲಖನೌ’. ಇದು 1913ರಿಂದ ಅವರ ‘ದಿಲ್‌ಗುದಾಜ್’ ಪತ್ರಿಕೆಯಲ್ಲಿ ಬಿಡಿ ಲೇಖನಗಳಾಗಿ ಬಂದು, 1975ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. ಪಾರಿವಾಳದ ಆಟದಿಂದ ಹಿಡಿದು ಪಲಾವಿನ ಪಾಕದ ವರೆಗೆ, ಪಗಡಿ ಸುತ್ತುವ ರೀತಿಯಿಂದ ಸಲಾಮು ಮಾಡುವ ರೀತಿಯ ವರೆಗೆ, ಅಳಿದುಹೋದ ನಗರವೊಂದರ ನಡೆನುಡಿಗಳೆಲ್ಲ ಅದರಲ್ಲಿವೆ. ಶರರ್ ಈ ವಿಷಯದಲ್ಲಿ ಕೇವಲ ಕೇಳಿ ಬರೆದವರಲ್ಲ. ರಾಜ್ಯ ಕಳೆದುಕೊಂಡ ದೊರೆ ಕಲ್ಕತ್ತೆಯ ಹೊರವಲಯದ ಮಟಿಯಾಬುರ್ಜಿನಲ್ಲಿ 1887ರಲ್ಲಿ ಸಾಯುವ ವರೆಗೂ ಒಂದು ಪುಟ್ಟ ಲಖನೌವನ್ನು ಕಟ್ಟಿಕೊಂಡು ಬಾಳಿದನಷ್ಟೆ; ಶರರ್ ಬಾಲ್ಯದ ಕೆಲವು ವರ್ಷಗಳನ್ನು ಅಲ್ಲಿಯೇ ಕಳೆದಿದ್ದರು. ಚಿತ್ರಕಾರನ ಊರಿನ ಒಂದು ಮೂಲೆಯಲ್ಲಿಯೇ ಅವನಿಗೆ ಬೇಕಾದ ನಗರವು ಒಮ್ಮೆ ಬೀಡುಬಿಟ್ಟಿತ್ತು. ಇನ್ನೊಂದು ಕಡೆ ಇಂಗ್ಲಿಷರ ದಾಖಲೆಗಳು: ಪಾರ್ಲಿಮೆಂಟಿಗಾಗಿ 1856ರಲ್ಲಿ ಅಚ್ಚಾದ, ಔಧ್ ವ್ಯವಹಾರಕ್ಕೆ ಸಂಬಂಧಪಟ್ಟ ಕಾಗದಪತ್ರಗಳ ‘ನೀಲಿ ಪುಸ್ತಕ’; ಗವರ್ನರ್ ಜನರಲ್ ಡಾಲ್‌ಹೌಸಿಯ ಖಾಸಗಿ ಪತ್ರಗಳು. ದೊರೆಯು 1851ರ ಲಂಡನ್ ಪ್ರದರ್ಶನಕ್ಕೆ ತನ್ನ ಕಿರೀಟವನ್ನು ಕಳುಹಿಸಿದ ವಿಷಯದಲ್ಲಿ, ಕಿರೀಟದೊಡನೆ ತಲೆಯನ್ನೂ ಕಳುಹಿಸಿದ್ದರೆ ಉಪಕಾರವಾಗುತ್ತಿತ್ತೆಂಬ ಅರ್ಥದ ಕ್ರೂರ ಪರಿಹಾಸ್ಯವೊಂದು ಆ ಪತ್ರಗಳಲ್ಲಿದೆ. ರಾಯರು ಅದನ್ನು ಚಿತ್ರದಲ್ಲಿ ಉಪಯೋಗಿಸಿದ್ದಾರೆ.

ಈ ಎರಡರ ನಡುವೆ ಮೂರನೆಯದೊಂದು ಸಾಕ್ಷ್ಯವಿತ್ತು: ದೊರೆಯ ಆತ್ಮವೃತ್ತ. ತನ್ನ ಪ್ರಣಯಗಳನ್ನು ಎಳೆಯ ವಯಸ್ಸಿನಿಂದ ಮೊದಲುಮಾಡಿ ಅವನೇ ಅದರಲ್ಲಿ ಹೇಳಿಕೊಂಡಿದ್ದಾನೆ. ಶೋಧನೆಯ ಇತಿಹಾಸದಲ್ಲಿ ವಿಶೇಷವಾದ ಘಟನೆ ನಡೆದುದು ಇಲ್ಲಿ. ಸಾಮಾನ್ಯವಾಗಿ ಸಾಮಗ್ರಿ ಹೆಚ್ಚಿದಂತೆ ಕಾರ್ಯಕ್ಕೆ ಉತ್ಸಾಹ ಹೆಚ್ಚಬೇಕು. ರಾಯರಿಗಾದರೋ ತಿಳಿದಷ್ಟೂ ದೊರೆಯ ಮೇಲೆ ಬೇಸರವೇ ಬೆಳೆಯಿತು. ಇಂಥವನಲ್ಲಿ ತಮಗೆ ಸಹಾನುಭೂತಿ ಹುಟ್ಟುತ್ತಿಲ್ಲ, ಸಹಾನುಭೂತಿಯಿಲ್ಲದೆ ಚಿತ್ರ ಮಾಡಲು ತಮ್ಮಿಂದಾಗದು ಎಂದು ಅವರು ಕೆಲಸವನ್ನೇ ಕೈಬಿಡುವ ಹಂತಕ್ಕೆ ಬಂದರು. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಪಾರಾದುದು ಇನ್ನೂ ಹಲವು ತಿಂಗಳ ಓದಿನ ಮೇಲೆ. ವಾಜಿದ್ ಅಲಿ ಗೀತಗಳನ್ನು ರಚಿಸಿದವನು, ಠುಮ್ರಿಯನ್ನು ಪೋಷಿಸಿದವನು, ಕಥಕ್ ನೃತ್ಯಕ್ಕೆ ಆಶ್ರಯ ಕೊಟ್ಟವನು, ರಾಧಾಕೃಷ್ಣರ ಕಥೆಯನ್ನು ರೂಪಕವಾಗಿ ಬರೆದು ಆಸ್ಥಾನದಲ್ಲಿ ಆಡಿಸಿದವನು. ಆಳಲಾರದ ದೊರೆಯೊಳಗೆ ಹಾಡಬಲ್ಲ ಕಲಾವಿದನೊಬ್ಬನು ಕಂಡಾಗ ರಾಯರಿಗೆ ನಿಲ್ಲುವುದಕ್ಕೆ ನೆಲ ಸಿಕ್ಕಿತು.

ಇಲ್ಲಿ ವಿದ್ವಾಂಸನ ದಾರಿಗೂ ಕಲಾವಿದನ ದಾರಿಗೂ ಕವಲು ಒಡೆಯುತ್ತದೆ. ಚರಿತ್ರಕಾರನಿಗೆ ವಾಜಿದ್ ಅಲಿಯನ್ನು ಪ್ರೀತಿಸಬೇಕಾದ ಕಟ್ಟಿಲ್ಲ. ಪ್ರಮಾಣಗಳು ತೂಗಿದಷ್ಟನ್ನು ಅವನು ಹೇಳಿ ಮುಗಿಸಬಹುದು. ರಾಯರಿಗೆ ಪ್ರಮಾಣಗಳ ಕೊರತೆ ಎಂದೂ ಇರಲಿಲ್ಲ. ಆ ಮನುಷ್ಯನನ್ನು ಒಳಗಿನಿಂದ ನೋಡುವುದಕ್ಕೆ ಬಾಗಿಲೊಂದು ಬೇಕಾಗಿತ್ತು, ಅದನ್ನು ಹುಡುಕುವುದಕ್ಕಾಗಿಯೇ ಅವರು ಓದುತ್ತ ಹೋದರು. ಬಾಗಿಲು ತೆರೆದ ಮೇಲೆ ಮುಂದಿನ ಸಿದ್ಧತೆಯೂ ಆ ಕಡೆಗೇ ತಿರುಗಿತು. ಚಿತ್ರದ ನೃತ್ಯವನ್ನು ಸಂಯೋಜಿಸಿದವರು ಬಿರ್ಜು ಮಹಾರಾಜರು. ಅವರ ವಂಶದ ಹಿರಿಯರು ವಾಜಿದ್ ಅಲಿಯ ಆಸ್ಥಾನದಲ್ಲಿಯೇ ಇದ್ದವರು. ಗ್ರಂಥದಲ್ಲಿ ಸಿಕ್ಕದೆ ಮೈಯಲ್ಲಿ ಉಳಿದು ಬಂದ ದಾಖಲೆಯನ್ನು ಹೀಗೆ ಬಳಸಿಕೊಂಡಂತಾಯಿತು.

ದಾಖಲೆಯೊಂದು ದೃಶ್ಯವಾದ ಬಗೆಗೆ ಚಿತ್ರದ ಕಡೆಯ ಭಾಗ ಅತ್ಯುತ್ತಮ ನಿದರ್ಶನ. 1856ರ ಫೆಬ್ರವರಿ 4ರಂದು ರೆಸಿಡೆಂಟನಾದ ಜೇಮ್ಸ್ ಔಟ್ರಮ್, ರಾಜ್ಯವನ್ನು ಕಂಪೆನಿಗೆ ಒಪ್ಪಿಸುವ ಒಪ್ಪಂದಕ್ಕೆ ಅಂಕಿತ ಹಾಕಬೇಕೆಂದು ದೊರೆಯನ್ನು ಕಂಡನು. ಯೋಚಿಸುವುದಕ್ಕೆ ಮೂರು ದಿನ ಗಡುವು ಕೊಟ್ಟನು. ಆಗ ದೊರೆಯು ತಲೆಯ ಮೇಲಿದ್ದ ಪಗಡಿಯನ್ನು ತೆಗೆದು ರೆಸಿಡೆಂಟನ ಕೈಯಲ್ಲಿಟ್ಟು, ಪದವಿಯೂ ಅಧಿಕಾರವೂ ಹೋದ ತನಗೆ ಒಪ್ಪಂದ ಮಾಡಿಕೊಳ್ಳುವ ಯೋಗ್ಯತೆಯಾದರೂ ಎಲ್ಲಿಯದೆಂಬ ಭಾವವನ್ನು ಸೂಚಿಸಿ, ಅಂಕಿತ ಹಾಕಲಿಲ್ಲ. ಫೆಬ್ರವರಿ 7ರಂದು ರಾಜ್ಯವು ಕಂಪೆನಿಯ ವಶವಾಯಿತು. ಮಾರ್ಚ್ 13ರಂದು ದೊರೆ ಲಖನೌವನ್ನು ಬಿಟ್ಟು ಹೊರಟನು. ಪಗಡಿಯ ಸಂಗತಿಯನ್ನು ವರದಿಮಾಡಿದವನು ಔಟ್ರಮನೇ. ‘ನೀಲಿ ಪುಸ್ತಕ’ದಲ್ಲಿ ಅದು ಸರಕಾರಿ ಗದ್ಯದಲ್ಲಿ ಬಂದಿದೆ. ಎಂದರೆ ದೊರೆಯ ಘನತೆಗೆ ಸಾಕ್ಷಿಯಾಗಿ ನಿಂತಿರುವುದು ಅವನ ರಾಜ್ಯವನ್ನು ಕಿತ್ತುಕೊಂಡವರ ಕಾಗದ. ಚಿತ್ರದಲ್ಲಿ ಪಗಡಿಯ ಸ್ಥಾನದಲ್ಲಿ ಕಿರೀಟ ಬಂದಿದೆ. ಆರಂಭದಲ್ಲಿ ಡಾಲ್‌ಹೌಸಿಯ ಪರಿಹಾಸ್ಯಕ್ಕೆ ಗುರಿಯಾದ ಕಿರೀಟವು ಕೊನೆಯಲ್ಲಿ ದೊರೆಯ ಕೈಯಿಂದಲೇ ಔಟ್ರಮನ ಎದುರಿಗೆ ನೀಡಲ್ಪಡುತ್ತದೆ. ಎರಡು ಬೇರೆಬೇರೆ ದಾಖಲೆಗಳನ್ನು ಒಂದು ಸೂತ್ರದಲ್ಲಿ ಪೋಣಿಸುವುದಕ್ಕೆ ಈ ಅಲ್ಪ ವ್ಯತ್ಯಾಸ ಸಾಕಾಯಿತು. ಔಟ್ರಮನ ಗೊಂದಲವೂ ಕೇವಲ ಕಲ್ಪನೆಯೆನ್ನುವಂತಿಲ್ಲ. ಈತನು ಹಿಂದೆ ಸಿಂಧ್ ಪ್ರಾಂತವನ್ನು 1843ರಲ್ಲಿ ಸೇರಿಸಿಕೊಂಡಾಗ ನೇಪಿಯರನೊಡನೆ ಬಹಿರಂಗವಾಗಿ ವಿರೋಧ ಕಟ್ಟಿಕೊಂಡಿದ್ದವನು.

ಸಂಗ್ರಹಿಸಿದ ಸಾಮಗ್ರಿಯನ್ನು ಪ್ರೇಕ್ಷಕರಿಗೆ ತಲಪಿಸುವ ವಿಷಯದಲ್ಲಿ ಈ ಚಿತ್ರ ಎರಡು ವಿಧಾನಗಳನ್ನು ಹಿಡಿದಿದೆ. ಒಂದು ಫಲಿಸಿದೆ, ಇನ್ನೊಂದು ಅಷ್ಟಾಗಿ ಇಲ್ಲ. ಔಟ್ರಮನು ತನ್ನ ಸಹಾಯಕನಾದ ಕ್ಯಾಪ್ಟನ್ ವೆಸ್ಟನ್ನನನ್ನು ಕರೆದು, ದೊರೆಯ ಪ್ರಾರ್ಥನೆ, ಹಾಡು, ಗಾಳಿಪಟ, ಅಂತಃಪುರ ಇವುಗಳ ವಿಷಯವಾಗಿ ಒಂದಾದ ಮೇಲೊಂದು ಪ್ರಶ್ನೆ ಕೇಳುವ ಸನ್ನಿವೇಶವಿದೆ. ವಿಷಯವೆಲ್ಲ ಗ್ರಂಥಗಳಿಂದ ಬಂದದ್ದೇ; ಆದರೆ ಕೇಳುವವನ ತಿರಸ್ಕಾರ, ಉತ್ತರ ಕೊಡುವವನ ಗುಟ್ಟಾದ ಮೆಚ್ಚಿಕೆ ಇವುಗಳಿಂದ ಅದು ಇಬ್ಬರ ಸ್ವಭಾವಚಿತ್ರವಾಗಿ ಪರಿಣಮಿಸಿದೆ. ಇದಕ್ಕೆ ಪ್ರತಿಯಾಗಿ, ಚಿತ್ರದ ಮೊದಲಲ್ಲಿ ನಿರೂಪಕನ ಧ್ವನಿಯಿಂದಲೂ ಚಲಿಸುವ ವ್ಯಂಗ್ಯಚಿತ್ರಗಳಿಂದಲೂ ಔಧ್ ಮತ್ತು ಕಂಪೆನಿಯ ಪೂರ್ವಕಥೆಯನ್ನೆಲ್ಲ ವಿವರಿಸಿದ್ದಾರೆ. ಅದು ಚತುರವಾಗಿದೆ, ಆದರೆ ಪಾಠದಂತಿದೆ. ಶೋಧಿಸಿದವನಿಗೆ ಸಿಕ್ಕಿದುದನ್ನು ಬಿಡಲಾರದ ಮೋಹವಿರುವುದು ಸಹಜ. ಪ್ರಬಂಧ ಬರೆಯುವವರು ಈ ದೋಷವನ್ನು ಬೇಗನೆ ಗುರುತಿಸುತ್ತಾರೆ, ಕಾರಣವನ್ನು ಹೇಳಬೇಕಾಗಿಲ್ಲ.

ಕಥೆಯ ಮುಕ್ತಾಯವನ್ನು ರಾಯರು ಬದಲಾಯಿಸಿರುವುದು ಇದಕ್ಕಿಂತ ಗಂಭೀರವಾದ ಪ್ರಶ್ನೆ. ಪ್ರೇಮಚಂದರಲ್ಲಿ ಇಬ್ಬರು ಗೆಳೆಯರೂ ಗೋಮತಿಯ ಆಚೆಯ ಪಾಳುಮಸೀದಿಯಲ್ಲಿ ಆಟದ ಜಗಳಕ್ಕೆ ಕತ್ತಿ ಹಿರಿದು ಪರಸ್ಪರ ಇರಿದುಕೊಂಡು ಸಾಯುತ್ತಾರೆ. ಚಿತ್ರದಲ್ಲಿ ಆ ಮಸೀದಿಯೇ ಸಿಕ್ಕುವುದಿಲ್ಲ. ಹಾರಿದ ಪಿಸ್ತೂಲಿನ ಗುಂಡು ಪ್ರಾಣಕ್ಕೆ ತಾಗುವುದಿಲ್ಲ. ಇಬ್ಬರೂ ನಾಚಿ, ಮತ್ತೆ ಕುಳಿತು, ಮಂತ್ರಿಯ ಮನೆಯಲ್ಲಿ ರಾಣಿಯಿರುವ ಇಂಗ್ಲಿಷ್ ಪದ್ಧತಿಯ ಚದುರಂಗವನ್ನು ಆಡತೊಡಗುತ್ತಾರೆ. ಒಂದು ಗುಂಡೂ ಹಾರದೆ ಕೈಬದಲಾದ ರಾಜ್ಯದ ಚರಿತ್ರೆಗೆ ಈ ಮುಕ್ತಾಯ ಹೆಚ್ಚು ಹೊಂದುತ್ತದೆ, ನಿಜ. ಆದರೆ ಪ್ರೇಮಚಂದರ ತಿರುಳು ಬೇರೆ. ಅವರ ಜಹಗೀರುದಾರರು ಹೇಡಿಗಳಲ್ಲ. ಸಾಯುವ ಕೆಚ್ಚು ಅವರಲ್ಲಿ ಬೇಕಾದಷ್ಟಿತ್ತು, ಅದು ದೊರೆಗಾಗಿ ಎಚ್ಚರಗೊಳ್ಳದೆ ಮರದ ಕಾಯಿಗಾಗಿ ಎಚ್ಚರಗೊಂಡಿತು ಎಂಬುದೇ ಆ ಕಥೆಯ ಘೋರ ವ್ಯಂಗ್ಯ. ಚರಿತ್ರೆಗೆ ಸಮೀಪವಾಗುವ ಪ್ರಯತ್ನದಲ್ಲಿ ಚಿತ್ರವು ಕಥೆಯ ಈ ಮೊನೆಯನ್ನು ಕಳೆದುಕೊಂಡಿದೆಯೆಂದೇ ಹೇಳಬೇಕು.

ಚಿತ್ರವು ಹೊರಬಂದ ಮೇಲೆ ಎದ್ದ ಆಕ್ಷೇಪ ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಬಂದಿತು. 1978ರಲ್ಲಿ ‘ಇಲ್ಲಸ್ಟ್ರೇಟೆಡ್ ವೀಕ್ಲಿ’ ಪತ್ರಿಕೆಯಲ್ಲಿ ರಾಜ್‌ಬನ್ಸ್ ಖನ್ನಾ ಎಂಬುವರು, ದೊರೆಯನ್ನು ಸ್ತ್ರೈಣನೂ ದುರ್ಬಲನೂ ಆಗಿ ತೋರಿಸಿ ಇಂಗ್ಲಿಷರು ಹಬ್ಬಿಸಿದ ಅಪವಾದವನ್ನೇ ಚಿತ್ರವು ಎತ್ತಿಹಿಡಿದಿದೆ ಎಂದು ಆರೋಪಿಸಿದರು. ರಾಯರು ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ತಾವು ಓದಿದ ಆಧಾರಗಳನ್ನು ಒಂದೊಂದಾಗಿ ಹೆಸರಿಸಿ, ತಮ್ಮ ವಾಜಿದ್ ಅಲಿ ಅಂಥವನಲ್ಲವೆಂದು ವಾದಿಸಿದರು. ಚಲಚ್ಚಿತ್ರಕಾರನೊಬ್ಬನು ಟೀಕಾಕಾರನಿಗೆ ಆಕರಗಳ ಪಟ್ಟಿಯಿಂದ ಉತ್ತರ ಹೇಳಿದುದು ಅಪೂರ್ವವೇ ಸರಿ. ಆದರೂ ಆಕರಗಳು ಅವರ ಪ್ರಾಮಾಣಿಕತೆಯನ್ನು ಸ್ಥಾಪಿಸಿದುವೇ ಹೊರತು ಆಕ್ಷೇಪವನ್ನು ಪೂರ್ತಿಯಾಗಿ ಪರಿಹರಿಸಲಿಲ್ಲ. ಆ ಆಕರಗಳಲ್ಲಿ ಮುಖ್ಯವಾದವು ಕೆಲವು ಗೆದ್ದವರ ಕಚೇರಿಯಲ್ಲಿಯೇ ಹುಟ್ಟಿದವು. ಅವನ್ನು ಹಿಡಿದು ಹೊರಟು, ಪಗಡಿಯ ಪ್ರಸಂಗದಲ್ಲಿ ಆದಂತೆ, ಅವುಗಳ ಬಾಯಿಂದಲೇ ಸೋತವನ ಮಾತನ್ನು ಹೊರಡಿಸಿದುದು ರಾಯರ ಸಾಧನೆ; ಎಲ್ಲ ಕಡೆಯೂ ಹಾಗೆ ಸಾಧಿಸಿತೆಂದು ಹೇಳಲಾಗದು.

ಇಂಥ ವಿಚಾರಣೆಗೆ ಅವಕಾಶವಾಗಿರುವುದು ಕಾಗದಗಳು ಉಳಿದಿರುವುದರಿಂದ. ಈ ಚಿತ್ರದ ನಿರ್ಮಾಪಕರಾದ ಸುರೇಶ್ ಜಿಂದಲ್ ಅವರು ರಾಯರಿಂದ ತಮಗೆ ಬಂದ ಪತ್ರಗಳನ್ನು ಸೇರಿಸಿ 2017ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ‘ಪಥೇರ್ ಪಾಂಚಾಲಿ’ಯ ಮಸಿಚಿತ್ರಗಳ ಪುಸ್ತಕದ ಗತಿ ಇಷ್ಟು ಸುಗಮವಾಗಿರಲಿಲ್ಲ. ರಾಯರು ಅದನ್ನು ಪ್ಯಾರಿಸ್ಸಿನ ಚಲಚ್ಚಿತ್ರ ಭಂಡಾರಕ್ಕೆ ದಾನಮಾಡಿದ್ದರು. ಕಾಲಾನಂತರದಲ್ಲಿ ಮೂಲಪ್ರತಿ ಕಾಣೆಯಾಯಿತು. ಅದರ ಪ್ರತಿಚಿತ್ರಗಳು ದೊರೆತು, ಅವರ ಮಗನಾದ ಸಂದೀಪ್ ರಾಯರ ಸಂಪಾದಕತ್ವದಲ್ಲಿ 2016ರಲ್ಲಿ ಅಚ್ಚಾದುವು.